ಶನಿವಾರದ ಗಾಣಿಗ

ದೆಹಲಿ
12 ಜೂನ್ 2022

ಅಪ್ಪನಿಗೆ, ಇಷ್ಟು ದೂರದಿಂದ ಮಗಳ ನಮಸ್ಕಾರಗಳು.

ಅವ್ವ ವಾರಕ್ಕೊಮ್ಮೆ ಫೋನಿನಲ್ಲಿ ಸಿಗುತ್ತಾಳೆ. ‘ಅಪ್ಪ ಹ್ಯಾಂಗ ಅದಾನ?’ ಎಂದು ಕೇಳಿದರೆ ‘ಅದಾನ’ ಎನ್ನುತ್ತಾಳೆ, ಅಷ್ಟೇ. ಕಬ್ಬಿಣದ ಕಾರ್ಖಾನೆಯ ಸದ್ದಿಗೆ ನಿಮ್ಮ ಕಿವಿ ಹೋದ ಮೇಲೆ ಫೋನಿನಲ್ಲಿ ನಿಮ್ಮ ಜೊತೆ ಜಗಳವಾಡುವುದಕ್ಕೂ ಆಗುವುದಿಲ್ಲ. ಹಾಗಾಗಿ ಕಾಗದ ಹಿಡಿದಿದ್ದೇನೆ.

ನಾನು ಬಿ.ಎಡ್. ಸೀಟು ಬಿಟ್ಟು ಹೀಬ್ರೂ ಭಾಷೆ ಓದಲು ಇಲ್ಲಿಗೆ ಬಂದು ವರ್ಷವಾಯಿತು. ನೀವು ಆವತ್ತಿನಿಂದ ನನಗೆ ಒಂದು ಸಾಲು ಬರೆದಿಲ್ಲ, ಪಕ್ಕದ ಮನೆಯ ದಿವೇಕರ ಕಾಕಾನ ಮುಖವನ್ನೂ ನೋಡಿಲ್ಲವೆಂದು ಅವ್ವ ಹೇಳಿದಳು. ‘ಮಗಳ ತಲಿ ಕೆಡಿಸಿದ ರೈಲ್ವೆ ಸಾಹೇಬ’ ಎಂದು ನೀವು ಅವರನ್ನು ಕರೆಯುವುದು ಗೊತ್ತು. ನಾನು ಹೈಸ್ಕೂಲಿನಲ್ಲಿದ್ದಾಗ ಅವರು ಕಟ್ಟೆಯ ಮೇಲೆ ಕೂರಿಸಿ ತಮ್ಮ ಯಹೂದಿ ಹಿರಿಯರ ಅಕ್ಷರ ಕಲಿಸಿದ್ದು ನಿಜ. ತಲೆ ಕೆಟ್ಟಿದ್ದರೆ ಅದು ನನ್ನ ಒಪ್ಪಿಗೆಯಿಂದಲೇ ಕೆಟ್ಟಿದೆ.

ಈಗ ಕೆಲಸದ ಮಾತು. ಕಾಕಾ ಬಹಳ ದಿನದಿಂದ ನನ್ನ ಪತ್ರಕ್ಕೆ ಉತ್ತರ ಬರೆದಿಲ್ಲ. ಹೆಂಡತಿಯಿಲ್ಲ, ಮಕ್ಕಳಿಲ್ಲ. ಸಿಗ್ನಲ್ ಇನ್‌ಸ್ಪೆಕ್ಟರ್ ಆಗಿ ಬಂದವರು, ನಿವೃತ್ತರಾದ ಮೇಲೂ ಗಿಣಿಗೇರಾ ಬಿಡಲಿಲ್ಲ. ಅವರ ಅಣ್ಣನ ಮಗ ಕೊಂಕಣದ ಕಡೆಯ ಠಾಣೆ ಎಂಬ ಊರಿನಲ್ಲಿದ್ದಾನೆ. ನಡುವೆ ಇರುವುದು ನಿಮ್ಮ ಗೋಡೆಯೊಂದೇ. ಒಮ್ಮೆ ಹೋಗಿ ನೋಡಿಕೊಂಡು ಬನ್ನಿ. ನನ್ನ ಮೇಲಿನ ಸಿಟ್ಟು ಹಾಗೇ ಇರಲಿ.

ಉತ್ತರದ ದಾರಿ ಕಾಯುವ,
ಅಮೃತಾ


ಗಿಣಿಗೇರಾ
3 ಜುಲೈ 2022

ಅಮೃತಾಗೆ,

ಪತ್ರ ಮುಟ್ಟಿತು. ಹೋಗಿದ್ದೆ.

ಮನುಷ್ಯ ಹಾಸಿಗೆ ಹಿಡಿದಿದ್ದ. ಸಕ್ಕರೆ ಕಾಯಿಲೆ, ಪಾದದಲ್ಲಿ ಹುಣ್ಣು, ಮೇಲೆ ಜ್ವರ. ಯಾರಿಗೂ ಹೇಳಿಲ್ಲ. ನಾನು ನಿನ್ನ ಚಿಕ್ಕಪ್ಪ ವಿರುಪಾಕ್ಷಿಯ ಗಾಡಿಯಲ್ಲಿ ಕೊಪ್ಪಳಕ್ಕೆ ಕರೆದುಕೊಂಡು ಹೋದೆ. ಡಾಕ್ಟರು ಪಾದ ಉಳಿಯುತ್ತದೆ ಎಂದರಂತೆ. ನಿನ್ನ ಅವ್ವ ಎರಡೂ ಹೊತ್ತು ಜೋಳದ ರೊಟ್ಟಿ, ಪಲ್ಯ ಕಳಿಸುತ್ತಿದ್ದಾಳೆ. ದಿವೇಕರ ಮೊಸರು ಬೇಡುತ್ತಾನೆ. ಮಾಂಸದೂಟ ಮಾಡಿದ ದಿನ ಮೊಸರು ಮುಟ್ಟುವುದಿಲ್ಲವಂತೆ, ಅವರ ಧರ್ಮದಲ್ಲಿ ಎರಡೂ ಕೂಡಬಾರದಂತೆ. ನಮ್ಮ ಮನೆಯಲ್ಲಿ ಮಾಂಸ ಎಲ್ಲಿಂದ ಬರಬೇಕು? ‘ಅದಕ್ಕ ನಿಮ್ಮ ಮನಿ ಊಟ ನನಗ ಚಿಂತಿ ಇಲ್ಲದ ಊಟ’ ಎಂದು ಬರೆದು ತೋರಿಸಿದ.

ಬರೆದು ಎಂದರೆ, ನನಗೆ ಕೇಳುವುದಿಲ್ಲವಲ್ಲ, ನಿನ್ನ ಶಾಲೆಯ ಹಳೆಯ ಪಾಟಿ, ಬಳಪ ಹುಡುಕಿ ಒಯ್ದಿದ್ದೆ. ಅವನ ಕನ್ನಡ ಅಕ್ಷರ ನನ್ನವಕ್ಕಿಂತ ದುಂಡಗಿವೆ.

ಆಸ್ಪತ್ರೆಯಿಂದ ಬಂದ ದಿನ ಅವನು ಪಾಟಿಯ ಮೇಲೆ ‘ಬಿಕ್ಕೂರ್’ ಎಂದು ಬರೆದು ನಕ್ಕ. ಏನದು ಎಂದರೆ, ‘ನಿನ್ನ ಮಗಳನ್ನ ಕೇಳು, ಆಕಿ ಈಗ ನನಗಿಂತ ಶಾಣ್ಯಾ ಆಗ್ಯಾಳ’ ಎಂದು ಬರೆದ. ನನಗೇನೂ ಅದರ ಅರ್ಥ ಬೇಕಾಗಿಲ್ಲ. ಸುಮ್ಮನೆ ತಿಳಿಸಿದೆ.

ಇಂತಿ,
ಗವಿಸಿದ್ದಪ್ಪ ಗಾಣಿಗೇರ


ದೆಹಲಿ
14 ಜುಲೈ 2022

ಅಪ್ಪನಿಗೆ ನಮಸ್ಕಾರಗಳು.

ಬೇಡವೆಂದರೂ ಹೇಳುತ್ತೇನೆ. ಕಾಯಿಲೆಯವರನ್ನು ಭೇಟಿಯಾಗುವುದು ಯಹೂದಿಗಳಲ್ಲಿ ಒಂದು ಕರ್ತವ್ಯ. ಅದಕ್ಕೆ ‘ಬಿಕ್ಕೂರ್ ಹೋಲೀಮ್’ ಎನ್ನುತ್ತಾರೆ. ಹೋಲೀಮ್ ಎಂದರೆ ರೋಗಿಗಳು. ‘ಬಿಕ್ಕೂರ್’ ಈಗ ಭೇಟಿ ಎಂಬ ಅರ್ಥದಲ್ಲಿ ನಡೆಯುತ್ತದೆ. ಆದರೆ ಅದರ ಹಳೆಯ ಧಾತುವಿಗೆ ಭೇಟಿ ಎಂಬ ಅರ್ಥವಿಲ್ಲ. ಹತ್ತಿರದಿಂದ ಸರಿಯಾಗಿ ನೋಡುವುದು, ಏನು ಬೇಕು ಏನು ಕಡಿಮೆಯಾಗಿದೆ ಎಂದು ಪರೀಕ್ಷಿಸುವುದು ಎಂದರ್ಥ. ಕುರುಬ ತನ್ನ ಹಿಂಡಿನ ಕುರಿಗಳನ್ನು ಒಂದೊಂದಾಗಿ ನೋಡುವುದಕ್ಕೂ ಅದೇ ಧಾತು.

ಇದನ್ನು ತರಗತಿಯಲ್ಲಿ ಇಂಗ್ಲಿಷಿಗೆ ತಿರುಗಿಸಲು ಎಲ್ಲರೂ ಒದ್ದಾಡಿದೆವು. ಕನ್ನಡದಲ್ಲಿ ನನಗೆ ಕಷ್ಟವೇ ಆಗಲಿಲ್ಲ. ಕಾಯಿಲೆಯವರ ಮನೆಗೆ ಹೋಗುವುದಕ್ಕೆ ನಾವು ‘ನೋಡಾಕ ಹೋಗೋದು’ ಎಂದೇ ಅನ್ನುತ್ತೇವಲ್ಲ. ನೀವು ಬರೀ ಭೇಟಿ ಮಾಡಿ ಬರಲಿಲ್ಲ ಅಪ್ಪ, ಪಾದದ ಹುಣ್ಣಿನವರೆಗೂ ನೋಡಿದಿರಿ. ಕಾಕಾ ನಕ್ಕದ್ದು ಅದಕ್ಕೇ.

ಹೀಬ್ರೂ ಓದುವುದರಿಂದ ಏನು ಸಿಗುತ್ತದೆ ಎಂದು ನೀವು ಕೇಳಿದ್ದಿರಿ. ನನಗೆ ಸಿಗುತ್ತಿರುವುದು ಇದೇ.

ನಿಮ್ಮ
ಅಮೃತಾ


ಗಿಣಿಗೇರಾ
16 ಅಕ್ಟೋಬರ್ 2022

ಚಿರಂಜೀವಿ ಅಮೃತಾಗೆ ಅಪ್ಪನ ಆಶೀರ್ವಾದ.

ಪತ್ರ ಬರೆಯುವುದು ತಡವಾಯಿತು. ಸಂಜೆಯೆಲ್ಲ ದಿವೇಕರ ತಿಂದುಬಿಡುತ್ತಾನೆ. ಪಾದ ಮಾಗಿದೆ. ಕೋಲು ಹಿಡಿದು ನಮ್ಮ ಕಟ್ಟೆಗೇ ಬರುತ್ತಾನೆ, ಕಂಕುಳಲ್ಲಿ ಪಾಟಿ.

ಒಂದು ಸುದ್ದಿ ಹೇಳಬೇಕು. ನಿನಗೆ ಮೊದಲೇ ಗೊತ್ತಿತ್ತೋ ಏನೋ, ನನಗೆ ಯಾರೂ ಹೇಳಿರಲಿಲ್ಲ. ಈ ಮನುಷ್ಯನ ಹಿರಿಯರು ಏನು ಕಸುಬು ಮಾಡುತ್ತಿದ್ದರು ಗೊತ್ತೇ? ಗಾಣ! ಕೊಂಕಣದ ಕಡಲ ದಂಡೆಯ ಹಳ್ಳಿಗಳಲ್ಲಿ ಎತ್ತು ಕಟ್ಟಿ ಎಣ್ಣೆ ತೆಗೆಯುತ್ತಿದ್ದರಂತೆ. ಶನಿವಾರ ಮಾತ್ರ ಏನೇ ಆದರೂ ಗಾಣ ಕಟ್ಟುತ್ತಿರಲಿಲ್ಲ. ಅದಕ್ಕೇ ಸುತ್ತಲಿನವರು ಅವರನ್ನು ‘ಶನಿವಾರ ತೇಲಿ’ ಎಂದು ಕರೆದರು. ತೇಲಿ ಎಂದರೆ ಮರಾಠಿಯಲ್ಲಿ ಗಾಣಿಗ.

ನಾನು ಪಾಟಿ ಕಸಿದುಕೊಂಡು ಬರೆದೆ: ನನ್ನ ಅಜ್ಜ ಯಲಬುರ್ಗಾದಲ್ಲಿ ಕುಸುಬಿ ಎಣ್ಣೆ ತೆಗೆಯುತ್ತಿದ್ದ, ಸೋಮವಾರ ಬಸವಣ್ಣನ ವಾರ, ಅಂದು ಎತ್ತಿನ ಹೆಗಲಿಗೆ ನೊಗ ಇಡುತ್ತಿರಲಿಲ್ಲ. ಅವನು ಓದಿ, ನನ್ನ ಮುಖ ನೋಡಿ, ದೊಡ್ಡ ಅಕ್ಷರದಲ್ಲಿ ಬರೆದ: ‘ನಾವು ಶನಿವಾರದ ಗಾಣಿಗರು, ನೀವು ಸೋಮವಾರದ ಗಾಣಿಗರು.’ ನಿನ್ನ ಅವ್ವ ಚಹಾ ತಂದಾಗ ಇಬ್ಬರೂ ನಗುತ್ತಿದ್ದೆವು. ‘ಇಬ್ಬರು ಮುದುಕರಿಗೂ ಹುಚ್ಚು ಹಿಡದೈತಿ’ ಎಂದಳಂತೆ. ಅದನ್ನೂ ಅವನೇ ಬರೆದು ತೋರಿಸಿದ.

ನೀನು ಚಿಕ್ಕವಳಿದ್ದಾಗ ಶಾಲೆಯಲ್ಲಿ ‘ಎಣ್ಣಿ ಗಾಣಿಗೇರ’ ಎಂದು ಕಾಡಿಸುತ್ತಾರೆಂದು ಅಳುತ್ತ ಬಂದಿದ್ದೆ. ಈಗ ಯಾರಾದರೂ ಕೇಳಿದರೆ ಹೇಳು, ನಮ್ಮ ಕಸುಬು ಕಡಲ ದಂಡೆಯವರೆಗೂ ಹಬ್ಬಿದ್ದು.

ಶನಿವಾರದ ಹೀಬ್ರೂ ಮಾತಿನಲ್ಲಿ ಎತ್ತಿನ ಸುದ್ದಿ ಏನಾದರೂ ಇದೆಯೇ ಎಂದು ನೋಡಿ ಬರಿ.

ಅಪ್ಪ


ದೆಹಲಿ
2 ನವೆಂಬರ್ 2022

ಅಪ್ಪನಿಗೆ,

ಇದೆ! ಶನಿವಾರಕ್ಕೆ ಅವರು ಹೇಳುವ ‘ಶಬ್ಬಾತ್’ ಎಂಬ ಮಾತಿನ ಮೂಲದಲ್ಲಿ ಇರುವುದು ನಿದ್ದೆಯೂ ಅಲ್ಲ, ಪೂಜೆಯೂ ಅಲ್ಲ; ‘ನಿಲ್ಲಿಸು’ ಎಂಬ ಕ್ರಿಯೆ. ಕೈಯಲ್ಲಿದ್ದುದನ್ನು ಅಲ್ಲಿಗೇ ನಿಲ್ಲಿಸುವುದು. ಅವರ ಧರ್ಮಗ್ರಂಥ ಆ ಶಾಸನವನ್ನು ಹೇಳುವ ಒಂದು ಕಡೆ, ಏಕೆ ನಿಲ್ಲಿಸಬೇಕು ಎಂಬುದಕ್ಕೆ ಕಾರಣ ಕೊಡುವಾಗ ಮೊದಲು ಬರುವವನು ಮನುಷ್ಯನಲ್ಲ ಅಪ್ಪ, ‘ಶೋರ್’. ಶೋರ್ ಎಂದರೆ ಎತ್ತು. ಎತ್ತೂ ಕತ್ತೆಯೂ ವಿಶ್ರಮಿಸಲಿ; ಆಮೇಲೆ ಆಳಿನ ಮಗನೂ ಊರಿಗೆ ಬಂದು ನೆಲೆಸಿದ ಪರವೂರಿನವನೂ ‘ಯಿನ್ನಾಫೇಷ್’ ಆಗಲಿ ಎನ್ನುತ್ತದೆ. ಉಸಿರು ಎಂಬ ನಾಮಪದದಿಂದ ಹುಟ್ಟಿದ ಕ್ರಿಯಾಪದ ಅದು. ನಾನು ಕನ್ನಡದಲ್ಲಿ ‘ಉಸಿರು ತಗೊಳ್ಳಲಿ’ ಎಂದು ಬರೆದೆ.

ನನ್ನ ಪ್ರಬಂಧಕ್ಕೆ ಈ ಶಾಸನಗಳ ಕನ್ನಡ ಅನುವಾದವನ್ನೇ ಆರಿಸಿಕೊಂಡಿದ್ದೇನೆ. ಯಲಬುರ್ಗಾದ ಎತ್ತು ಅದರ ಅಡಿಟಿಪ್ಪಣಿಯಲ್ಲಿ ಬರುತ್ತದೆ. ಮುತ್ತಜ್ಜನ ಹೆಸರು ತಿಳಿಸಿ.

ಡಿಸೆಂಬರಿನಲ್ಲಿ ಪರೀಕ್ಷೆ. ಮುಗಿದ ಮೇಲೆ ಬರುತ್ತೇನೆ. ಕಾಕಾನಿಗೆ ಹೇಳಿ.

ಅಮೃತಾ


ಗಿಣಿಗೇರಾ
20 ಡಿಸೆಂಬರ್ 2022

ಮಗಳೇ,

ನಿನ್ನ ಅವ್ವ ಫೋನಿನಲ್ಲಿ ಹೇಳಿದ್ದು ನಿನಗೆ ಸಾಕಾಗಿರಲಿಕ್ಕಿಲ್ಲ. ಆ ದಿನ ನೀನು ಪರೀಕ್ಷೆಯಲ್ಲಿದ್ದೆ, ಫೋನು ಹತ್ತಲಿಲ್ಲ. ನಡೆದದ್ದನ್ನೆಲ್ಲ ಬರೆಯುತ್ತೇನೆ.

ಬೆಳಿಗ್ಗೆ ದಿವೇಕರನಿಗೆ ಚಹಾ ತೆಗೆದುಕೊಂಡು ಹೋದೆ. ಬಾಗಿಲು ತೆರೆದಿತ್ತು. ಕಾಟಿನ ಮೇಲೆ ಗೋಡೆಗೆ ಒರಗಿ ಕೂತಿದ್ದ, ಕನ್ನಡಕ ಮೂಗಿನ ಮೇಲೆ. ನನಗೆ ಉಸಿರಿನ ಸದ್ದು ಕೇಳುವುದಿಲ್ಲವಲ್ಲ, ಎದೆಯ ಮೇಲೆ ಅಂಗೈ ಇಟ್ಟೆ. ತಣ್ಣಗಿದ್ದ.

ಓಣಿಯವರೆಲ್ಲ ಕೂಡಿದರು. ಠಾಣೆಯ ಅಣ್ಣನ ಮಗ ಸ್ಯಾಮ್ಸನ್‌ಗೆ ನಿನ್ನ ಅವ್ವನೇ ಫೋನು ಮಾಡಿದಳು, ತನಗೆ ಬರುವಷ್ಟು ಹಿಂದಿಯಲ್ಲಿ. ಅವನು ಅತ್ತನಂತೆ. ಎಷ್ಟು ಬೇಗ ಹೊರಟರೂ ನಾಳೆಯೇ ಬಂದು ಮುಟ್ಟುವುದು, ಆದರೆ ತಮ್ಮಲ್ಲಿ ಹೆಣವನ್ನು ರಾತ್ರಿ ಇಡಬಾರದು, ಸುಡಲೂಬಾರದು, ನಿಮ್ಮಿಂದ ಆದರೆ ಇವತ್ತೇ ಮಣ್ಣು ಮಾಡಿ ಎಂದನಂತೆ. ಮಣ್ಣು ಮಾಡುವುದು ನಮಗೇನು ಹೊಸದೇ? ಆದರೆ ಎಲ್ಲಿ?

ನಮ್ಮ ಓಣಿಯ ಚಾಂದಸಾಬ ಮುಂದೆ ಬಂದು, ತಮ್ಮ ಖಬರಸ್ತಾನದಲ್ಲಿ ಜಾಗ ಕೊಡಿಸುತ್ತೇನೆ ಎಂದು ಕೈಸನ್ನೆ ಮಾಡಿದ. ಒಳ್ಳೆಯ ಮನುಷ್ಯ. ನಾನು ಎಲ್ಲರಿಗೂ ಕೇಳುವಂತೆ ಹೇಳಿದೆ: ‘ನಮ್ಮ ಹೊಲದಾಗ ಮಾಡೋಣು. ನಮ್ಮಪ್ಪನ ಗದ್ದಿಗಿ ಬಾಜೂಕ.’

ವಿರುಪಾಕ್ಷಿ ನನ್ನ ರಟ್ಟೆ ಹಿಡಿದು ಪಕ್ಕಕ್ಕೆ ಎಳೆದ. ಅವನ ತುಟಿ ಓದಲು ನನಗೆ ಚೆನ್ನಾಗಿ ಬರುತ್ತದೆ, ಐವತ್ತು ವರ್ಷ ನೋಡಿದ ಮುಖ. ‘ಅಣ್ಣಾ, ಹಿರೇರ ಸಾಲಿನ್ಯಾಗ ಯಾರ್‍ಯಾರನ್ನೋ ತಂದು ಇಡತಿ? ಅಂವಾ ನಮ್ಮ ಪೈಕಿ ಏನು?’

‘ಹೌದು, ನಮ್ಮ ಪೈಕಿನ’ ಎಂದೆ. ‘ಅಂವಾ ಗಾಣಿಗ. ನಾವು ಸೋಮವಾರ ಎತ್ತು ಬಿಚ್ಚವರು, ಅವರು ಶನಿವಾರ ಬಿಚ್ಚವರು. ಅಪ್ಪ ಇದ್ದಿದ್ರ ಜಾಗ ಸರದು ಕೊಡತಿದ್ದ.’

ಕಿವುಡನ ಮಾತು ಎಷ್ಟು ಜೋರಾಗಿರುತ್ತದೆಂದು ಅವನಿಗೇ ತಿಳಿಯುವುದಿಲ್ಲ. ಓಣಿಯ ತುದಿಯವರೆಗೂ ಕೇಳಿಸಿತಂತೆ. ವಿರುಪಾಕ್ಷಿ ನನ್ನ ರಟ್ಟೆ ಬಿಟ್ಟ. ಆಮೇಲೆ ಟ್ರ್ಯಾಕ್ಟರ್ ತರಲು ಹೋದ.

ಜನ ಹೂವಿನ ಹಾರ ತಂದರು, ಭಜನೆಯವರನ್ನು ಕರೆಯೋಣವೆಂದು ಸನ್ನೆ ಮಾಡಿದರು. ಬೇಡವೆಂದೆ. ಬಡವನಾಗಲಿ ಸಾಹುಕಾರನಾಗಲಿ ಬಿಳಿ ಬಟ್ಟೆಯೊಂದೇ, ಮತ್ತೇನೂ ಇಲ್ಲ ಎಂದು ದಿವೇಕರ ಒಮ್ಮೆ ಪಾಟಿಯ ಮೇಲೆ ಬರೆದಿದ್ದ. ನಾನೂ ಚಾಂದಸಾಬನೂ ಸೇರಿ ತೊಳೆದೆವು. ನಿನ್ನ ಅವ್ವ ಹೊಸ ಬಿಳಿ ಬಟ್ಟೆ ಕೊಟ್ಟಳು.

ಹೊಲಕ್ಕೆ ಹೋಗಿ ನೋಡುತ್ತೇನೆ, ನಮ್ಮ ಜನ ಕುಣಿಯನ್ನು ನಮ್ಮ ಪದ್ಧತಿಯಂತೆ ಚೌಕಾಗಿ ತೋಡಿದ್ದಾರೆ, ಕೂರಿಸುವುದಕ್ಕೆ. ದಿವೇಕರನನ್ನು ಮಲಗಿಸಬೇಕಲ್ಲ! ಹೊತ್ತು ಇಳಿಯುತ್ತಿತ್ತು. ಚಾಂದಸಾಬ ಅಂಗಿ ಬಿಚ್ಚಿಟ್ಟು, ‘ಸರೀರಿ, ಉದ್ದ ತೋಡೋದು ನಮಗ ಗೊತ್ತೈತಿ’ ಎಂದನಂತೆ, ಇಳಿದೇಬಿಟ್ಟ. ವಿರುಪಾಕ್ಷಿಯೂ ಇಳಿದ. ಸೂರ್ಯ ಕಾರ್ಖಾನೆಯ ಚಿಮಣಿಯ ಮಟ್ಟಕ್ಕೆ ಬಂದಾಗ ಮಲಗಿಸಿದೆವು. ಬಂದವರೆಲ್ಲ ಮಣ್ಣು ಕೊಟ್ಟರು, ಹೆಣ್ಣುಮಕ್ಕಳೂ.

ಅವರ ಮಂತ್ರ ಯಾರಿಗೂ ಗೊತ್ತಿರಲಿಲ್ಲ. ನಮ್ಮದನ್ನು ಹೇಳುವುದು ಸರಿಯಲ್ಲವೆಂದು ನನಗೆ ಅನಿಸಿತು. ಅವನ ಹೆಸರನ್ನಷ್ಟೇ ಹೇಳಿದೆ. ‘ರೂಬೆನ್ ದಿವೇಕರ, ಗಾಣಿಗ.’ ತಪ್ಪಾಗಿದ್ದರೆ ತಿಳಿಸು.

ಅಪ್ಪ


ದೆಹಲಿ
2 ಜನವರಿ 2023

ಅಪ್ಪಾ,

ತಪ್ಪು ಒಂದೂ ಇಲ್ಲ.

ನಿಮ್ಮ ಪತ್ರ ಬಂದ ದಿನ ಏನೂ ಬರೆಯಲಾಗಲಿಲ್ಲ. ಇವತ್ತು ಬರೆಯುತ್ತೇನೆ; ಪರೀಕ್ಷೆ ಜನವರಿಗೂ ಎಳೆದಿದೆ, ಅದಕ್ಕೇ ಇನ್ನೂ ಬರಲಾಗಿಲ್ಲ. ಶವದ ಮೆರವಣಿಗೆಗೆ ಹೀಬ್ರೂವಿನಲ್ಲಿ ‘ಲೆವಾಯಾ’ ಎನ್ನುತ್ತಾರೆ. ಅದರಲ್ಲಿ ಶವವೂ ಇಲ್ಲ, ಸಾವೂ ಇಲ್ಲ. ‘ಜೊತೆಗೆ ಹೋಗುವುದು’ ಎಂಬುದಷ್ಟೇ ಅದರ ಅರ್ಥ. ಸತ್ತವರಿಗೆ ಮಾಡುವ ಸೇವೆಗೆ ‘ಹೆಸೆದ್ ಶೆಲ್ ಎಮೆತ್’ ಎನ್ನುತ್ತಾರೆ: ನಿಜವಾದ ಉಪಕಾರ. ಬದುಕಿರುವವರಿಗೆ ಮಾಡಿದ್ದಕ್ಕೆ ಎಂದಾದರೂ ಏನಾದರೂ ತಿರುಗಿ ಬರಬಹುದು, ಇದಕ್ಕೆ ಬರುವುದಿಲ್ಲ; ಅದಕ್ಕೇ ನಿಜವಾದದ್ದು. ನಾನು ಈ ಮಾತುಗಳನ್ನು ಪರೀಕ್ಷೆಯಲ್ಲಿ ವಿವರಿಸುತ್ತ ಕೂತಿದ್ದ ದಿನವೇ ನೀವು, ಚಿಕ್ಕಪ್ಪ, ಚಾಂದಸಾಬ ಚಾಚಾ ಕಾಕಾನ ಜೊತೆಗೆ ಕುಣಿಯವರೆಗೂ ಹೋದಿರಿ.

ಇನ್ನೊಂದು ಪದ್ಧತಿಯಿದೆ, ‘ಕೆರಿಯಾ’. ಹರಿಯುವುದು ಎಂದರ್ಥ. ತಂದೆ, ತಾಯಿ ಮುಂತಾದವರು ತೀರಿದರೆ ಕೊರಳ ಹತ್ತಿರ ಬಟ್ಟೆ ಹರಿದುಕೊಳ್ಳಬೇಕು. ವಿದ್ಯೆ ಕೊಟ್ಟ ಗುರು ತೀರಿದರೂ ಹಾಗೇ. ನಾನು ಅವರ ಧರ್ಮದವಳಲ್ಲ, ಆ ಶಾಸ್ತ್ರ ನನ್ನನ್ನು ಕೇಳುವುದಿಲ್ಲ. ಆದರೂ ಹಸಿರು ಕುರ್ತಾದ ಕೊರಳಪಟ್ಟಿಯನ್ನು ಕೈಯಾರೆ ಹರಿದೆ. ಬಟ್ಟೆ ಹರಿಯುವ ಸದ್ದಿಗೆ ಕೋಣೆಯ ಗೆಳತಿ ಬೆಚ್ಚಿ ಎದ್ದು ಕೂತಳು. ಆಮೇಲೆ ಅಳು ಬಂತು.

ಅವಳಿಗೆ ಎಲ್ಲ ಹೇಳಿದೆ. ‘ನಮ್ಮಪ್ಪ ಹೀಗೆ ಮಾಡಿದರು’ ಎಂದು ಹೇಳುವಾಗ ನನ್ನ ಕೊರಳು ನೆಟ್ಟಗಾಗಿತ್ತು.

ನಿಮ್ಮ ಮಗಳು
ಅಮೃತಾ


ದೆಹಲಿ
9 ಜೂನ್ 2023

ಅಪ್ಪನಿಗೆ ನಮಸ್ಕಾರಗಳು.

ಕಾಕಾನ ಗೋರಿಯ ಕಲ್ಲಿನ ಮೇಲೆ ಕೆತ್ತಿಸಲು ಅಕ್ಷರಗಳನ್ನು ದೊಡ್ಡದಾಗಿ ಬರೆದು ಇದರ ಜೊತೆ ಇಟ್ಟಿದ್ದೇನೆ. ಹೀಬ್ರೂ ಬಲದಿಂದ ಎಡಕ್ಕೆ ಹೋಗುತ್ತದೆ, ಕೆತ್ತುವವರಿಗೆ ಹೇಳಿ. ಅವರ ಹೆಸರಿನ ಕೆಳಗೆ ‘ಗೇರ್ ವೆತೋಶಾವ್’ ಎಂದಿದೆ. ಅವರ ಮೂಲಪುರುಷ ಪರನಾಡಿನಲ್ಲಿ ಹೆಂಡತಿ ತೀರಿಕೊಂಡಾಗ, ಮಣ್ಣು ಮಾಡಲು ಜಾಗ ಬೇಡುತ್ತ ಆ ಊರಿನವರ ಮುಂದೆ ತನ್ನನ್ನು ಹೀಗೆ ಕರೆದುಕೊಂಡನಂತೆ. ಗೇರ್ ಎಂದರೆ ಹೊರಗಿನಿಂದ ಬಂದು ಇರುವವನು. ತೋಶಾವ್ ಎಂಬುದು ‘ಕೂರು’ ಎಂಬ ಧಾತುವಿನದು. ಕನ್ನಡದಲ್ಲಿ ‘ಬಂದವನು, ಇಲ್ಲೇ ಕೂತವನು’ ಎಂದು ಕೆತ್ತಿಸಿ.

ಈಗ ಕಷ್ಟದ ಸುದ್ದಿ. ಸ್ಯಾಮ್ಸನ್ ಫೋನು ಮಾಡಿದ್ದರು. ಅವರ ಪ್ರಾರ್ಥನಾಲಯದ ಹಿರಿಯರು, ಹಸ್ಕೆಲ್ ಅಜ್ಜ ಎನ್ನುತ್ತಾರೆ, ಆಗಸ್ಟಿನಲ್ಲಿ ತಾವೂ ಸೇರಿ ಹತ್ತು ಜನರಾಗಿ ಬರುತ್ತಾರೆ. ಸತ್ತವರಿಗಾಗಿ ಹೇಳುವ ‘ಕದ್ದೀಶ್’ ಪ್ರಾರ್ಥನೆಗೆ ಹತ್ತು ಜನ ಬೇಕು. ಆದರೆ ಕಾಕಾನನ್ನು ತೆಗೆದು ಠಾಣೆಯ ಅವರ ಸ್ಮಶಾನಕ್ಕೆ ಒಯ್ಯುವ ಮಾತೂ ನಡೆದಿದೆ. ಒಮ್ಮೆ ಮಣ್ಣು ಮಾಡಿದವರನ್ನು ಹೊರತೆಗೆಯುವುದು ಅವರಲ್ಲಿ ನಿಷಿದ್ಧ. ಬೇರೆಯವರ ನೆಲದಲ್ಲಿ ಇರುವವರನ್ನು ತಮ್ಮವರ ನೆಲಕ್ಕೆ ಒಯ್ಯಲು ಮಾತ್ರ ಅವಕಾಶವಿದೆ. ಸತ್ತವನ ಕುಣಿ ಅವನ ‘ಅಖುಜ್ಜಾ’ ಆಗಿರಬೇಕು ಎನ್ನುತ್ತಾರೆ. ಆ ಪದ ‘ಹಿಡಿ’ ಎಂಬ ಧಾತುವಿನಿಂದ ಬಂದದ್ದು. ನಮ್ಮ ಹಿಡುವಳಿ ಇದೆಯಲ್ಲ, ಅದೇ.

ನಿರ್ಧಾರ ಅವರದು ಅಪ್ಪ. ಅವರ ಮನೆಯವರು. ಜಗಳವಾಡಬೇಡಿ. ಆಗಸ್ಟಿನಲ್ಲಿ ಪ್ರಬಂಧ ಒಪ್ಪಿಸಬೇಕಿರುವುದರಿಂದ ನನಗೆ ಬರಲಾಗುವುದಿಲ್ಲ.

ಅಮೃತಾ


ಗಿಣಿಗೇರಾ
27 ಆಗಸ್ಟ್ 2023

ಮಗಳು ಅಮೃತಾಳಿಗೆ,

ಬಂದರು, ಹೋದರು. ಜಗಳವಾಡಲಿಲ್ಲ.

ಕಲ್ಲು ಕುಷ್ಟಗಿಯದು, ಕೆಂಪು. ಕಲ್ಲುಕುಟಿಗ ಹುಚ್ಚೀರಪ್ಪ ಕೆತ್ತಿದ. ಬಲದಿಂದ ಎಡಕ್ಕೆ ಎಂದಾಗ, ‘ಕೈ ತಿರುಗೂದಿಲ್ರೀ’ ಎಂದನಂತೆ, ಕೂತುಬಿಟ್ಟಿದ್ದ. ಒಂದು ಅಕ್ಷರ ಆದ ಮೇಲೆ ಎದ್ದು ಊಟಕ್ಕೂ ಹೋಗಲಿಲ್ಲ. ಗೋರಿಯ ಸುತ್ತಲಿನ ಜಾಗವನ್ನು ಅಳೆದು, ನಮ್ಮ ಹೊಲದಿಂದ ಬೇರೆ ಮಾಡಿ ಕಲ್ಲಿನ ಗೋಡೆ ಹಾಕಿದೆವು. ಗೋಡೆ ಕಟ್ಟಿದವನು ವಿರುಪಾಕ್ಷಿ. ಯಾರೂ ಹೇಳಿರಲಿಲ್ಲ. ಒಳಗೆ ಹೋಗಲು ಬೇರೆ ದಾರಿಯನ್ನೂ ಬಿಟ್ಟ.

ಹಸ್ಕೆಲ್ ಅಜ್ಜ ನನಗಿಂತ ಹಿರಿಯ, ಬೆನ್ನು ಬಾಗಿದೆ. ಕಲ್ಲಿನ ಮುಂದೆ ಬಗ್ಗಿ ಒಂದೊಂದೇ ಅಕ್ಷರದ ಮೇಲೆ ಬೆರಳಾಡಿಸಿ ಓದಿದ. ಆಮೇಲೆ ನೆಲ ತೋರಿಸಿ ಏನೋ ಕೇಳಿದ. ಸ್ಯಾಮ್ಸನ್ ಹಿಂದಿಯಲ್ಲಿ ಹೇಳಿದ್ದನ್ನು ನಿನ್ನ ಅವ್ವ ಪಾಟಿಯ ಮೇಲೆ ಬರೆದಳು: ಈ ನೆಲ ಯಾರದು?

ನಾನು ಗೋಡೆಯೊಳಗಿನ ಮಣ್ಣನ್ನು ಒಂದು ಹಿಡಿ ತೆಗೆದು ಅಜ್ಜನ ಅಂಗೈಯಲ್ಲಿ ಇಟ್ಟು, ಅವನ ಬೆರಳು ಮಡಿಸಿದೆ. ‘ಹಿಡೀರಿ’ ಎಂದೆ. ‘ಇಲ್ಲಿ ನಂದೇನಿಲ್ಲ. ಇದು ದಿವೇಕರ ಹಿಡುವಳಿ. ನೀವು ಬೇಕಾದಾಗ ಬರ್ರಿ, ಯಾರನ್ನೂ ಕೇಳಬ್ಯಾಡ್ರಿ.’ ಹಿಂದೆ ನಿಂತಿದ್ದ ವಿರುಪಾಕ್ಷಿ, ‘ನನ್ನ ಒಪ್ಪಿಗಿನೂ ಐತ್ರಿ’ ಎಂದನಂತೆ.

ಅಜ್ಜ ಮುಷ್ಟಿ ಬಿಚ್ಚಲಿಲ್ಲ. ಅವರೆಲ್ಲ ಸ್ವಲ್ಪ ದೂರ ಹೋಗಿ ಮಾತಾಡಿಕೊಂಡರು. ತಿರುಗಿ ಬಂದು ಹತ್ತೂ ಜನ ಸಾಲಾಗಿ ನಿಂತು ಪ್ರಾರ್ಥನೆ ಶುರು ಮಾಡಿದರು. ಅದನ್ನು ನೋಡಿ, ದಿವೇಕರ ಇಲ್ಲೇ ಇರುತ್ತಾನೆಂದು ನನಗೆ ತಿಳಿಯಿತು. ನನಗೆ ಒಂದು ಅಕ್ಷರವೂ ಕೇಳಲಿಲ್ಲ. ಹತ್ತು ಜನರ ತುಟಿ ಒಟ್ಟಿಗೆ ಆಡುವುದು, ಚಾಂದಸಾಬ ತಲೆ ಬಾಗಿಸಿದ್ದು, ನಮ್ಮ ಓಣಿಯವರೆಲ್ಲ ಕೈಮುಗಿದದ್ದು ಕಂಡಿತು. ಹೇಗಿತ್ತು ಎಂದು ನಿನ್ನ ಅವ್ವನನ್ನು ಕೇಳಿದೆ. ‘ತಿಳೀಲಿಲ್ಲ, ಆದ್ರ ಭಾಳ ಛಲೋ ಇತ್ತು’ ಎಂದು ಬರೆದಳು.

ಊಟಕ್ಕೆ ಎಲ್ಲರೂ ನಮ್ಮ ಮನೆಗೆ ಬಂದರು. ರೊಟ್ಟಿ ಮುರಿಯುತ್ತ ಅಜ್ಜ ಕೇಳಿದ: ಕಲ್ಲಿನ ಮೇಲಿನ ಬರಹ ಯಾರದು?

‘ನನ್ನ ಮಗಳದು’ ಎಂದೆ.

ಅವನು ಬಹಳ ಹೊತ್ತು ಸ್ಯಾಮ್ಸನ್ ಜೊತೆ ಮಾತಾಡಿದ. ತಮ್ಮ ಮಕ್ಕಳು ಪ್ರಾರ್ಥನೆಯನ್ನು ಬಾಯಿಪಾಠ ಹೇಳುತ್ತಾರಂತೆ, ಮಾತಿನ ಅರ್ಥ ಬಿಡಿಸಿ ಕಲಿಸುವವರು ಯಾರೂ ಉಳಿದಿಲ್ಲವಂತೆ. ಗಾಣಿಗೇರ ಹುಡುಗಿ ಠಾಣೆಗೆ ಬಂದು ನಮ್ಮ ಮಕ್ಕಳಿಗೆ ಹೀಬ್ರೂ ಕಲಿಸುತ್ತಾಳೆಯೇ, ತಂದೆಯಾದ ನೀವು ಒಪ್ಪುತ್ತೀರಾ ಎಂದು ಕೇಳಿದ. ನಿನ್ನ ಅವ್ವ ಇದನ್ನು ಬರೆಯುವಾಗ ಬಳಪ ಎರಡು ತುಂಡಾಯಿತು.

ಹತ್ತು ಜನ, ಜೊತೆಗೆ ನಮ್ಮ ಓಣಿಯ ಅರ್ಧ ಜನ, ನನ್ನ ಮುಖವನ್ನೇ ನೋಡುತ್ತಿದ್ದರು. ನಾನು ಹೇಳಿದೆ: ‘ನನ್ನ ಯಾಕ ಕೇಳತೀರಿ? ವಿದ್ಯಾ ಆಕೀದು. ಆಕೀನ್ನ ಕೇಳ್ರಿ.’

ಅವರ ಪತ್ರ ನಿನಗೆ ಬರುತ್ತದೆ. ಹೋಗುತ್ತೀಯೋ, ದೆಹಲಿಯಲ್ಲೇ ಮುಂದೆ ಓದುತ್ತೀಯೋ, ನಿನಗೆ ಬಿಟ್ಟದ್ದು. ನಾನು ನಡುವೆ ಬರುವುದಿಲ್ಲ.

ಗಿಣಿಗೇರಾದಲ್ಲಿ ಮಾತ್ರ, ನನ್ನ ಮಗಳು ಹೀಬ್ರೂ ಕಲಿಸುವ ಮೇಡಂ ಎಂದು ಎಲ್ಲರಿಗೂ ಆಗಲೇ ಹೇಳಿಬಿಟ್ಟಿದ್ದೇನೆ.

ನಿನ್ನ ಅಪ್ಪ
ಗವಿಸಿದ್ದಪ್ಪ ಗಾಣಿಗೇರ